ಡಿಜಿಟಲ್ ಪಿಯಾನೊ ಕೊಳ್ಳುವಾಗ ದುಡ್ಡು ಕೊಡಬೇಕಾದ್ದು ಕೀಗೆ

ಶಿರಸಿ, ಕುಮಟಾ, ಹೊನ್ನಾವರ ಕಡೆಯ ಮಕ್ಕಳ ಬೆರಳಿಗೆ ಮೊದಲು ಸಿಗುವುದು ಸಾಮಾನ್ಯವಾಗಿ ಹಾರ್ಮೋನಿಯಂ. ಕಾರವಾರದ ಇಗರ್ಜಿಯ ಕೊಯರ್‌ನಲ್ಲಿ ಬೆಳೆದ ಮಕ್ಕಳಾದರೆ ಎಲೆಕ್ಟ್ರಾನಿಕ್ ಕೀಬೋರ್ಡ್. ಎರಡರಲ್ಲೂ ಕೀ ಹಗುರ. ಒತ್ತಿದರೆ ಸಾಕು, ಸ್ವರ ಬರುತ್ತದೆ. ಅದೇ ಮಗು ಪಿಯಾನೊ ಕಲಿಯುತ್ತೇನೆ ಅಂದಾಗ ಅಪ್ಪ ಅಮ್ಮ ಅಂಗಡಿಗೆ ಹೋಗಿ ಕೇಳುವ ಪ್ರಶ್ನೆಯೂ ಆ ಅಭ್ಯಾಸದ್ದೇ. ‘ಎಷ್ಟು ಟೋನ್ ಇದೆ? ತಬಲಾ ಬರ್ತದಾ?’ ಆರುನೂರು ಟೋನ್, ಅಂದರೆ ಬೇರೆ ಬೇರೆ ವಾದ್ಯಗಳ ಸದ್ದು, ಇರುವ ಪೆಟ್ಟಿಗೆ ಹದಿನೈದು ಸಾವಿರಕ್ಕೆ ಸಿಗುವಾಗ, ಹತ್ತೇ ಟೋನ್ ಇರುವ ಡಿಜಿಟಲ್ ಪಿಯಾನೊಗೆ ನಲವತ್ತು ಸಾವಿರ ಯಾಕೆ ಕೊಡಬೇಕು?

ಆ ಹೆಚ್ಚಿನ ದುಡ್ಡೆಲ್ಲ ಹೋಗುವುದು ಕೀಯ ಒಳಗೆ. ಅಲ್ಲಿ ಏನಿದೆ ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಹಾರ್ಮೋನಿಯಂನಿಂದಲೇ ಶುರು ಮಾಡೋಣ. ಅದರಲ್ಲಿ ಸದ್ದು ಜೋರಾಗುವುದು, ಮೆತ್ತಗಾಗುವುದು ಎಡಗೈಯ ಕೆಲಸ. ಬಾತೆ, ಅಂದರೆ ಹಿಂದಿನ ತಿದಿ, ಎಷ್ಟು ಗಾಳಿ ಕೊಡುತ್ತದೋ ಅಷ್ಟು ಸದ್ದು. ಬಲಗೈ ಕೀಯನ್ನು ಕುಟ್ಟಿದರೂ ಸವರಿದರೂ ಸ್ವರದ ಜೋರು ಬದಲಾಗುವುದಿಲ್ಲ. ಪಿಯಾನೊದಲ್ಲಿ ಬಾತೆ ಇಲ್ಲ. ಜೋರು, ಮೆದು ಎರಡೂ ಬೆರಳಿನಲ್ಲೇ ಹುಟ್ಟಬೇಕು. ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೋಫೊರಿ 1700ರ ಸುಮಾರಿಗೆ ಪಿಯಾನೊ ಮಾಡಿದ್ದೇ ಇದಕ್ಕಾಗಿ. ಅದಕ್ಕೂ ಮೊದಲಿದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಹೇಗೆ ಒತ್ತಿದರೂ ಹೆಚ್ಚುಕಡಿಮೆ ಒಂದೇ ಸದ್ದು. ಕ್ರಿಸ್ತೋಫೊರಿ ಮೀಟುವ ಬದಲು ಸಣ್ಣ ಸುತ್ತಿಗೆಯಿಂದ ಹೊಡೆಯುವ ಏರ್ಪಾಡು ಮಾಡಿದ. ಬೆರಳು ಬೇಗ ಇಳಿದರೆ ಸುತ್ತಿಗೆ ರಭಸದಿಂದ ಬಡಿಯುತ್ತದೆ, ನಿಧಾನಕ್ಕೆ ಇಳಿದರೆ ಮೆಲ್ಲನೆ ತಾಗುತ್ತದೆ.

ಇವತ್ತಿನ ದೊಡ್ಡ ಪಿಯಾನೊದಲ್ಲಿ ಬಿಳಿ ಕೀ ಸುಮಾರು 10 ಮಿ.ಮೀ. ಕೆಳಗಿಳಿಯುತ್ತದೆ. ಅಷ್ಟರಲ್ಲಿ ಸುತ್ತಿಗೆ ಸುಮಾರು 45 ಮಿ.ಮೀ. ಹಾರಿ ತಂತಿಗೆ ಬಡಿದು ತಕ್ಷಣ ಹಿಂದೆ ಬೀಳುತ್ತದೆ. ಕೀ ಒತ್ತುವಾಗ ನಮ್ಮ ಬೆರಳಿಗೆ ಸಿಗುವ ಭಾರ ಈ ಸುತ್ತಿಗೆಯದ್ದು, ಅದನ್ನು ಎತ್ತುವ ಸನ್ನೆಕೋಲುಗಳದ್ದು. ನಡುಭಾಗದ ಕೀಯೊಂದನ್ನು ಮೆಲ್ಲಗೆ ಇಳಿಸಲು ಸುಮಾರು 50 ಗ್ರಾಂ ತೂಕ ಬೇಕು. ಹತ್ತು ರೂಪಾಯಿಯ ಆರೇಳು ನಾಣ್ಯದಷ್ಟು. ಎಡಕ್ಕೆ, ಅಂದರೆ ಮಂದ್ರದ ಕಡೆಗೆ ಹೋದ ಹಾಗೆ ಸುತ್ತಿಗೆ ದಪ್ಪ, ಕೀ ಭಾರ. ಬಲಕ್ಕೆ ಹೋದ ಹಾಗೆ ಹಗುರ.

ಇಲ್ಲೊಂದು ಸೂಕ್ಷ್ಮ ಇದೆ. ಅಗ್ಗದ ಕೀಬೋರ್ಡಿನ ಕೀ ಅಡಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅದನ್ನು ಇಳಿಸಲಿಕ್ಕೂ 50 ಗ್ರಾಂ ಬೇಕಾಗಬಹುದು. ಹಾಗಾದರೆ ಎರಡೂ ಒಂದೇನಾ? ಅಲ್ಲ. ಸ್ಪ್ರಿಂಗ್ ಶುರುವಿನಲ್ಲಿ ಸಡಿಲ, ಒತ್ತಿದಷ್ಟೂ ಬಿಗಿ. ಸುತ್ತಿಗೆಯ ಕೀ ಇದಕ್ಕೆ ಉಲ್ಟಾ. ತೊಟ್ಟಿಲು ತೂಗುವಾಗ ಮೊದಲ ನೂಕಿಗೆ ಬಲ ಬೇಕು, ಒಮ್ಮೆ ಚಲಿಸಿತೆಂದರೆ ಅದೇ ಸಾಗುತ್ತದೆ. ಹಾಗೇ ಸುತ್ತಿಗೆಯೂ ಮೊದಲು ತಡೆಯುತ್ತದೆ, ಆಮೇಲೆ ತನ್ನ ಓಟದಲ್ಲೇ ಹೋಗುತ್ತದೆ. ಪಿಯಾನೊ ಕಲಿಯುವುದು ಅಂದರೆ ಬಹುಪಾಲು ಈ ಮೊದಲ ನೂಕನ್ನು ಹದಕ್ಕೆ ತರುವುದು. ಸ್ಪ್ರಿಂಗ್ ಮೇಲೆ ಮೂರು ವರ್ಷ ಅಭ್ಯಾಸ ಮಾಡಿದರೂ ಆ ಹದ ಬೆರಳಿಗೆ ಬರುವುದಿಲ್ಲ. ಕೀಬೋರ್ಡಿನಲ್ಲಿ ಚೆನ್ನಾಗಿ ನುಡಿಸುವ ಮಗು ನಿಜವಾದ ಪಿಯಾನೊ ಮುಂದೆ ಕೂತಾಗ ಕೆಲವು ಸ್ವರ ಬರದೇ ಹೋಗುವುದು, ಕೆಲವು ಸಿಡಿದ ಹಾಗೆ ಬರುವುದು ಇದಕ್ಕೇ. ಮಗುವಿನದ್ದೇನೂ ತಪ್ಪಿಲ್ಲ.

ಡಿಜಿಟಲ್ ಪಿಯಾನೊದಲ್ಲಿ ತಂತಿ ಇಲ್ಲ. ಆದರೂ ಒಳ್ಳೆಯ ಮಾದರಿಗಳಲ್ಲಿ ಪ್ರತಿ ಕೀಗೂ ಸುತ್ತಿಗೆಯ ಬದಲಿಗೆ ಒಂದು ತೂಕದ ತುಂಡು ಜೋಡಿಸಿರುತ್ತಾರೆ. ಕೀ ಒತ್ತಿದರೆ ಅದು ಮೇಲೇಳುತ್ತದೆ, ಬಿಟ್ಟರೆ ತನ್ನ ಭಾರದಿಂದಲೇ ಬಿದ್ದು ಕೀಯನ್ನು ವಾಪಸ್ ತರುತ್ತದೆ. ಇದೇ ಹ್ಯಾಮರ್ ಆಕ್ಷನ್. ಕೀ ಕೆಳಗೆ ರಬ್ಬರಿನ ಸಣ್ಣ ಗುಮ್ಮಟಗಳಿವೆ, ಅವುಗಳೊಳಗೆ ಕಾರ್ಬನ್ ಬಿಲ್ಲೆಗಳು. ಕೀ ಇಳಿಯುವಾಗ ಮೊದಲು ಒಂದು ಬಿಲ್ಲೆ ತಾಗುತ್ತದೆ, ಸ್ವಲ್ಪ ಕೆಳಗೆ ಇನ್ನೊಂದು. ಈ ಎರಡರ ನಡುವೆ ಎಷ್ಟು ಹೊತ್ತು ಹಿಡಿಯಿತು ಅಂತ ಯಂತ್ರ ಅಳೆಯುತ್ತದೆ. ಕಡಿಮೆ ಹೊತ್ತಾದರೆ ಜೋರು ಸ್ವರ, ಜಾಸ್ತಿ ಹೊತ್ತಾದರೆ ಮೆದು ಸ್ವರ. ಅಂದರೆ ಅದು ಅಳೆಯುವುದು ನಮ್ಮ ಬಲವನ್ನಲ್ಲ, ವೇಗವನ್ನು. ಆ ವೇಗವನ್ನು 1ರಿಂದ 127ರವರೆಗಿನ ಅಂಕಿಯಾಗಿ ಬರೆಯುವ ಪದ್ಧತಿ 1983ರಲ್ಲಿ ಬಂದ ಮಿಡಿ ಎಂಬ, ವಾದ್ಯ ಕಂಪನಿಗಳ ಒಪ್ಪಂದದ್ದು. ಇವತ್ತಿಗೂ ಅದೇ ನಡೆಯುತ್ತಿದೆ.

ಹೀಗೆ ತಾಗುವ ಜಾಗಕ್ಕೆ ಸೆನ್ಸರ್ ಅನ್ನುತ್ತಾರೆ. ಕೆಲವು ಮಾದರಿಗಳಲ್ಲಿ ಅವು ಮೂರು ಇರುತ್ತವೆ. ಎರಡೇ ಇದ್ದರೆ, ಅದೇ ಸ್ವರ ಮತ್ತೆ ನುಡಿಸಲು ಕೀ ಬಹುತೇಕ ಪೂರ್ತಿ ಮೇಲೆ ಬರಬೇಕು. ಮೂರನೆಯದು ಇದ್ದರೆ ಅರ್ಧಕ್ಕೆ ಬಂದಾಗಲೇ ಮತ್ತೆ ಒತ್ತಬಹುದು. ಒಂದೇ ಸ್ವರವನ್ನು ಬೇಗ ಬೇಗ ನುಡಿಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲ ಎರಡು ಮೂರು ವರ್ಷ ಕಲಿಯುವವರಿಗೆ ಇದು ಅಷ್ಟು ಮುಖ್ಯವಲ್ಲ.

ಈಗ ಡಬ್ಬದ ಮೇಲಿನ ಬರಹಕ್ಕೆ ಬರೋಣ. ಗೊಂದಲ ಹುಟ್ಟುವುದು ಇಲ್ಲೇ. ‘ಟಚ್ ಸೆನ್ಸಿಟಿವ್’ ಅಂದರೆ ವೇಗ ಅಳೆಯುತ್ತದೆ ಅಂತ ಮಾತ್ರ. ಕೀ ಹಗುರವಾಗಿಯೇ ಇರಬಹುದು. ‘ಪಿಯಾನೊ ಸ್ಟೈಲ್ ಕೀ’ ಅನ್ನುವುದು ಕೀಯ ಆಕಾರದ ಮಾತು. ‘ಸೆಮಿ ವೇಯ್ಟೆಡ್’ ಅಂದರೆ ಸ್ಪ್ರಿಂಗಿಗೇ ಸ್ವಲ್ಪ ಭಾರ ಸೇರಿಸಿದ್ದು. ಅಲೆಸಿಸ್ ರಿಸೈಟಲ್ ಇದಕ್ಕೆ ಉದಾಹರಣೆ. 88 ಕೀ ಇದೆ, ಬೆಲೆ ಕಡಿಮೆ, ಆದರೆ ಸುತ್ತಿಗೆ ಇಲ್ಲ. ಅದೇ ಕಂಪನಿಯ ರಿಸೈಟಲ್ ಪ್ರೊದಲ್ಲಿ ಹ್ಯಾಮರ್ ಆಕ್ಷನ್ ಇದೆ. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸ, ಒಳಗೆ ಬೇರೆಯೇ ವಾದ್ಯ. ಯಮಾಹಾದ ಎನ್‌ಪಿ ಸರಣಿಯೂ ನೋಡಲು ಪಿಯಾನೊದಂತೆ ಇರುತ್ತದೆ, ಅದರಲ್ಲೂ ಸುತ್ತಿಗೆ ಇಲ್ಲ. ಹಾಗಾಗಿ ‘ವೇಯ್ಟೆಡ್’ ಅಂದ ಕೂಡಲೇ ಒಪ್ಪಬೇಡಿ. ‘ಹ್ಯಾಮರ್ ಆಕ್ಷನ್ ಇದೆಯಾ?’ ಅಂತಲೇ ಕೇಳಿ. ಜೊತೆಗೆ ‘ಗ್ರೇಡೆಡ್’ ಅಥವಾ ‘ಸ್ಕೇಲ್ಡ್’ ಅಂತ ಇದ್ದರೆ ಎಡಕ್ಕೆ ಭಾರ, ಬಲಕ್ಕೆ ಹಗುರ ಎಂಬ ಕ್ರಮವನ್ನೂ ಪಾಲಿಸಿದ್ದಾರೆ ಎಂದರ್ಥ.

ನಲವತ್ತರಿಂದ ಅರವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನೋಡಬೇಕಾದವು ನನ್ನ ಲೆಕ್ಕದಲ್ಲಿ ಮುಖ್ಯವಾಗಿ ಮೂರು. ದರ ಊರಿಂದ ಊರಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ.

ಯಮಾಹಾ ಪಿ-145 2023ರಲ್ಲಿ ಬಂತು. ಅದಕ್ಕೂ ಮೊದಲು ಬಹಳ ವರ್ಷ ಮಾರಾಟವಾದ ಪಿ-45ರ ಜಾಗಕ್ಕೆ ಬಂದದ್ದು. ಕೀ ಸ್ವಲ್ಪ ಹಗುರದ ಕಡೆಗೆ, ಸದ್ದು ತಿಳಿ, ಬಳಸುವುದು ಸುಲಭ. ಚಿಕ್ಕ ಕೈಯ ಮಕ್ಕಳಿಗೆ ಇದು ದಣಿವು ಕೊಡುವುದಿಲ್ಲ. ಕ್ಯಾಸಿಯೊ ಸಿಡಿಪಿ-ಎಸ್110 ತೆಳ್ಳಗಿನ ವಾದ್ಯ, ಹತ್ತೂವರೆ ಕಿಲೊ ತೂಕ. ನಮ್ಮ ಕಡೆಗೆ ಬೇಕಾದ ಒಂದು ಗುಣ ಇದರಲ್ಲಿದೆ, ಆರು ಪೆನ್ಸಿಲ್ ಸೆಲ್ ಹಾಕಿದರೆ ಕರೆಂಟಿಲ್ಲದೆಯೂ ನುಡಿಯುತ್ತದೆ. ಉಳಿದೆರಡಕ್ಕೆ ಈ ಸೌಕರ್ಯ ಇಲ್ಲ. ರೋಲಂಡ್ ಎಫ್‌ಪಿ-10 2019ರದ್ದು. ಮೂರು ಸೆನ್ಸರ್ ಇದೆ. ದೊಡ್ಡ ಪಿಯಾನೊದಲ್ಲಿ ಕೀ ನಿಧಾನಕ್ಕೆ ಒತ್ತಿದಾಗ ತಳದ ಹತ್ತಿರ ಸಿಗುವ ಸಣ್ಣ ತಡೆಯನ್ನೂ ಇದರಲ್ಲಿ ತಂದಿದ್ದಾರೆ. ಬರೀ ಕೀ ನೋಡಿ ಕೊಳ್ಳುವುದಾದರೆ ನನ್ನ ಮತ ಇದಕ್ಕೇ. ಮೂರರಲ್ಲಿ ಪಿಯಾನೊಗೆ ಹೆಚ್ಚು ಹತ್ತಿರದ ಸ್ಪರ್ಶ ಇದರದ್ದು. ಆದರೆ ಕೀ ಬೀಳುವ ‘ಧಪ್ ಧಪ್’ ಸದ್ದು ಇದರಲ್ಲಿ ಕೇಳುತ್ತದೆ. ಹೆಡ್‌ಫೋನ್ ಹಾಕಿದವರಿಗೆ ತೊಂದರೆ ಇಲ್ಲ. ಮರದ ಮಾಳಿಗೆಯ ಮನೆಯಾದರೆ ಕೆಳಗೆ ಮಲಗಿದ ಅಜ್ಜಿಗೆ ಕೇಳಿಸುತ್ತದೆ. ಅಡಿಗೆ ದಪ್ಪ ಜಮಖಾನ ಹಾಸಿದರೆ ಎಷ್ಟೋ ವಾಸಿ.

ಇನ್ನೂ ಸ್ವಲ್ಪ ಹಾಕಬಲ್ಲವರಿಗೆ ಯಮಾಹಾ ಪಿ-225, ರೋಲಂಡ್ ಎಫ್‌ಪಿ-30ಎಕ್ಸ್, ಕವಾಯ್ ಇಎಸ್120 ಇವೆ. ಎಫ್‌ಪಿ-30ಎಕ್ಸ್‌ನ ಕೀ ಎಫ್‌ಪಿ-10ರದ್ದೇ. ಹೆಚ್ಚಿನ ದುಡ್ಡು ಸ್ಪೀಕರಿಗೆ, ಸದ್ದು ಹೊರಗೆ ಕೊಡುವ ಕಿಂಡಿಗಳಿಗೆ ಹೋಗುತ್ತದೆ. ಈ ಕಿಂಡಿಯ ವಿಷಯ ಇಗರ್ಜಿಯಲ್ಲೋ ಶಾಲೆಯ ವೇದಿಕೆಯಲ್ಲೋ ನುಡಿಸುವವರಿಗೆ ಮುಖ್ಯ. ಮೊದಲು ಹೇಳಿದ ಮೂರರಲ್ಲೂ ದೊಡ್ಡ ಸ್ಪೀಕರಿಗೆ ಬೇರೆ ಲೈನ್ ಔಟ್ ಇಲ್ಲ. ಹೆಡ್‌ಫೋನ್ ಕಿಂಡಿಯಿಂದಲೇ ವೈರ್ ಎಳೆಯಬೇಕು. ಮನೆಯಲ್ಲಿ ಅಭ್ಯಾಸಕ್ಕಾದರೆ ಇದೊಂದು ಕೊರತೆಯೇ ಅಲ್ಲ.

ಪಾಲಿಫೊನಿ ಅಂತ ಒಂದು ಅಂಕಿಯನ್ನು ಅಂಗಡಿಯವರು ಎತ್ತಿ ಎತ್ತಿ ಹೇಳುತ್ತಾರೆ. ಒಟ್ಟಿಗೆ ಎಷ್ಟು ಸ್ವರ ಮೊಳಗಬಹುದು ಅನ್ನುವ ಲೆಕ್ಕ ಅದು. ಪಿ-145ಕ್ಕೂ ಸಿಡಿಪಿ-ಎಸ್110ಕ್ಕೂ 64, ಎಫ್‌ಪಿ-10ಕ್ಕೆ 96. ಬೆರಳು ಹತ್ತೇ ಇದ್ದರೂ ಪೆಡಲ್ ಒತ್ತಿ ಹಿಡಿದಾಗ ಹಳೆಯ ಸ್ವರಗಳು ಮೊಳಗುತ್ತಲೇ ಇರುತ್ತವೆ, ಅದಕ್ಕೇ ಇಷ್ಟು ಬೇಕು. ಕಲಿಯುವವರಿಗೆ 64 ಧಾರಾಳ ಸಾಕು. ಇದಕ್ಕಾಗಿ ಸುಮ್ನೆ ಹೆಚ್ಚು ದುಡ್ಡು ಕೊಡಬೇಡಿ.

ಪೆಡಲ್‌ಗೆ ಮಾತ್ರ ಕೊಡಿ. ಡಬ್ಬದಲ್ಲಿ ಬರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡು. ಅದಕ್ಕೆ ಗೊತ್ತಿರುವುದು ಆನ್ ಮತ್ತು ಆಫ್ ಎರಡೇ. ನಿಜವಾದ ಪಿಯಾನೊದಲ್ಲಿ ಬಲಗಾಲಿನ ಪೆಡಲನ್ನು ಅರ್ಧ ಒತ್ತಿದರೆ ಸ್ವರ ಅರ್ಧ ಉಳಿಯುತ್ತದೆ. ಯಮಾಹಾಕ್ಕೆ ಎಫ್‌ಸಿ3ಎ, ರೋಲಂಡಿಗೆ ಡಿಪಿ-10 ಎಂಬ ಲೋಹದ ಪೆಡಲ್ ಬೇರೆ ಸಿಗುತ್ತದೆ. ಅರ್ಧ ಒತ್ತುವುದನ್ನು ಇವು ಗುರುತಿಸುತ್ತವೆ, ನೆಲದಲ್ಲಿ ಜಾರಿಕೊಂಡು ಓಡುವುದೂ ಕಡಿಮೆ. ಒಂದು ಕಂಪನಿಯ ಪೆಡಲ್ ಇನ್ನೊಂದಕ್ಕೆ ಹಾಕಿದರೆ ಕೆಲವೊಮ್ಮೆ ಉಲ್ಟಾ ಕೆಲಸ ಮಾಡುತ್ತದೆ, ಕಾಲೆತ್ತಿದಾಗ ಸ್ವರ ಉಳಿಯುತ್ತದೆ. ಅದೇ ಕಂಪನಿಯದ್ದು ಕೊಂಡರೆ ಈ ತಲೆಬಿಸಿ ಇಲ್ಲ.

ಇಷ್ಟಾದರೂ ಕಾಗದದ ಮೇಲಿನ ಮಾತು ಕಾಗದದ್ದೇ. ಕೈಯಿಟ್ಟು ನೋಡಲೇಬೇಕು. ಕಾರವಾರದವರಿಗೆ ಮಡಗಾಂವ್ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಗೋವಾದಲ್ಲಿ ಪಿಯಾನೊ ನುಡಿಸುವ ಹಳೆಯ ಪರಂಪರೆ ಇದೆ, ಕೇಳಿದ್ದಕ್ಕೆ ಉತ್ತರ ಹೇಳುವವರೂ ಸಿಗುತ್ತಾರೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಭಟ್ಕಳದ ಕಡೆಯವರಿಗೆ ಮಂಗಳೂರು. ಹೋಗುವ ಮೊದಲು ಫೋನ್ ಮಾಡಿ, ನೀವು ಹೇಳುವ ಮಾದರಿ ನುಡಿಸಿ ನೋಡಲು ಹೊರಗೆ ಇಟ್ಟಿದ್ದಾರಾ ಅಂತ ಕೇಳಿಕೊಳ್ಳಿ. ಮಗುವನ್ನೂ ಕರೆದುಕೊಂಡು ಹೋಗಿ.

ಅಂಗಡಿಯಲ್ಲಿ ಮೊದಲು ಸ್ವಿಚ್ ಆರಿಸಿ ಕೀ ಒತ್ತಿ. ಸದ್ದಿಲ್ಲದಾಗ ಬೆರಳಿಗೆ ಕೀ ಮಾತ್ರ ಸಿಗುತ್ತದೆ, ಸ್ಪೀಕರಿನ ಚಂದಕ್ಕೆ ಮನಸ್ಸು ಮರುಳಾಗುವುದಿಲ್ಲ. ಎಡತುದಿ, ಬಲತುದಿ ಎರಡೂ ಒತ್ತಿ, ಭಾರದ ವ್ಯತ್ಯಾಸ ಗೊತ್ತಾಗುತ್ತದಾ ನೋಡಿ. ಆಮೇಲೆ ಬಿಳಿ ಕೀಯನ್ನು ತುದಿಯಲ್ಲಲ್ಲ, ಒಳಗೆ, ಕಪ್ಪು ಕೀಗಳ ನಡುವೆ ಒತ್ತಿ. ಕೀ ಒಳಗಡೆ ಎಲ್ಲೋ ಒಂದು ಕಡೆ ತಿರುಗುಗೂಟದ ಮೇಲೆ ಕೂತಿರುತ್ತದೆ. ದೊಡ್ಡ ಪಿಯಾನೊದಲ್ಲಿ ಅದು ಬಹಳ ದೂರ. ತೆಳ್ಳಗಿನ ಡಿಜಿಟಲ್‌ನಲ್ಲಿ ಹತ್ತಿರ. ಹತ್ತಿರ ಇದ್ದಷ್ಟೂ ಒಳಭಾಗ ಒತ್ತಲು ಕಷ್ಟ. ಈ ಬೆಲೆಯ ಎಲ್ಲ ವಾದ್ಯಗಳಲ್ಲೂ ಇದು ಸ್ವಲ್ಪ ಇದ್ದೇ ಇದೆ, ಯಾವುದರಲ್ಲಿ ಕಡಿಮೆ ಅಂತ ನೋಡಬೇಕು. ಕೊನೆಗೆ ಸ್ವಿಚ್ ಹಾಕಿ, ಒಂದೇ ಸ್ವರವನ್ನು ಐದು ಸಲ ನುಡಿಸಿ, ಪ್ರತಿ ಸಲ ಹಿಂದಿನದಕ್ಕಿಂತ ಒಂಚೂರು ಮೆದು. ಐದನೆಯದೂ ಕೇಳಿಸಿದರೆ ಆ ಕೀ ನಿಮ್ಮ ಮಾತು ಕೇಳುತ್ತದೆ. ಜೋರಾಗಿ ನುಡಿಸಿದರೆ ಎಲ್ಲ ವಾದ್ಯವೂ ಚೆನ್ನಾಗಿಯೇ ಕೇಳುತ್ತದೆ. ನಿಜ ಗೊತ್ತಾಗುವುದು ಮೆತ್ತಗೆ ನುಡಿಸಿದಾಗ.

ಹಳೆಯದು ಕೊಳ್ಳುವುದು ತಪ್ಪಲ್ಲ. ಪಿ-45ನಂಥವು ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತವೆ. 88 ಕೀಯನ್ನೂ ಒಂದೊಂದಾಗಿ, ಒಂದೇ ಹದದಲ್ಲಿ ಒತ್ತಿ ನೋಡಿ. ಯಾವುದೋ ಒಂದು ಮಾತ್ರ ಸಿಡಿದ ಹಾಗೆ ಜೋರಾಗಿ ಬಂದರೆ, ಅಥವಾ ಆಗೊಮ್ಮೆ ಈಗೊಮ್ಮೆ ಮೂಕವಾದರೆ, ರಬ್ಬರಿನ ಕಾರ್ಬನ್ ಬಿಲ್ಲೆಗೆ ಧೂಳು ಅಥವಾ ತೇವ ಹಿಡಿದಿದೆ. ಇದು ರಿಪೇರಿ ಆಗುತ್ತದೆ. ಕೀಗಳೇ ಏರುಪೇರಾಗಿ ಕೂತು, ಬೀಳುವಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿದ ಸದ್ದು ಬಂದರೆ ಒಳಗಿನ ಫೆಲ್ಟ್, ಅಂದರೆ ಮೆತ್ತನೆಯ ಬಟ್ಟೆಪಟ್ಟಿ, ಸವೆದಿದೆ. ಅಂಥದ್ದನ್ನು ಬಿಟ್ಟುಬಿಡಿ.

‘ಇಷ್ಟೆಲ್ಲ ಯಾಕೆ, ನಿಜವಾದ ಪಿಯಾನೊವನ್ನೇ ಹಳೆಯದು ಕೊಂಡರಾಯ್ತಲ್ವಾ?’ ಅಂತ ಕೇಳುವವರಿದ್ದಾರೆ. ಗೋಡೆಗೆ ತಾಗಿಸಿ ಇಡುವ ಪಿಯಾನೊ ಇನ್ನೂರು ಕಿಲೊ ತೂಗುತ್ತದೆ. ಒಳಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿ, ಅವುಗಳ ಹಿಂದೆ ದೊಡ್ಡ ಮರದ ಹಲಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಮರ ಉಬ್ಬುತ್ತದೆ, ಶ್ರುತಿ ಏರುತ್ತದೆ. ಬೇಸಿಗೆಗೆ ಮರ ಒಣಗುತ್ತದೆ, ಶ್ರುತಿ ಇಳಿಯುತ್ತದೆ. ಕಡಲ ಹತ್ತಿರದ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲ ಶ್ರುತಿ ಮಾಡುವವರನ್ನು ದೂರದಿಂದ ಕರೆಸಬೇಕು. ಇದನ್ನೆಲ್ಲ ಪ್ರೀತಿಯಿಂದ ಮಾಡುವವರಿಗೆ ನನ್ನ ನಮಸ್ಕಾರ. ಉಳಿದವರಿಗೆ ಈ ಕರಾವಳಿಯಲ್ಲಿ ಡಿಜಿಟಲ್ಲೇ ಸರಿ.

ಇನ್ನು ಒಂದು ಮಾತು ಯಾರಿಗೆ ಇದು ಬೇಡ ಅನ್ನುವುದರ ಬಗ್ಗೆ. ಭಜನೆಗೆ, ಭಾವಗೀತೆಗೆ ಸಾಥ್ ಕೊಡುವವರು, ಆರ್ಕೆಸ್ಟ್ರಾದಲ್ಲಿ ನುಡಿಸುವವರು ಹ್ಯಾಮರ್ ಆಕ್ಷನ್ ಕೊಂಡು ಕಷ್ಟಪಡಬೇಕಾಗಿಲ್ಲ. ಹಾರ್ಮೋನಿಯಂನಂತೆ ಬೆರಳು ಜಾರಿಸಿ ಮೀಂಡಿನ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದದ, ಭ್ರಮೆ ಹುಟ್ಟಿಸುವ ನುಡಿಸಾಣಿಕೆಗೆ ಹಗುರ ಕೀಯೇ ಅನುಕೂಲ. ತಬಲಾ, ತಾನ್ಪುರದ ಸದ್ದಿರುವ ಭಾರತೀಯ ಮಾದರಿಯ ಕೀಬೋರ್ಡ್‌ಗಳು ಅವರಿಗಾಗಿಯೇ ಇವೆ. ಪರೀಕ್ಷೆ ಕಟ್ಟಿಸುವುದಾದರೂ ಇದನ್ನು ಮೊದಲೇ ತೀರ್ಮಾನಿಸಬೇಕು. ಸಂಗೀತ ಪರೀಕ್ಷೆ ನಡೆಸುವ ಟ್ರಿನಿಟಿ ಕಾಲೇಜ್ ಲಂಡನ್‌ನಲ್ಲಿ ಪಿಯಾನೊ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್ ಬೇರೆ ಬೇರೆ ವಿಷಯಗಳು. ಮಗು ಕಟ್ಟುವುದು ಯಾವುದು ಅಂತ ಟೀಚರ ಹತ್ತಿರ ಕೇಳಿ, ಡಿಜಿಟಲ್ ವಾದ್ಯದ ಬಗ್ಗೆ ಆ ವರ್ಷದ ನಿಯಮ ಓದಿ, ಆಮೇಲೆ ದುಡ್ಡು ತೆಗೆಯಿರಿ.

ಮನೆಗೆ ತಂದ ಮೇಲೆ ಅದನ್ನು ಇಡುವ ಎತ್ತರ ನೋಡಿಕೊಳ್ಳಿ. ಬಿಳಿ ಕೀಯ ಮೇಲ್ಭಾಗ ನೆಲದಿಂದ ಸುಮಾರು 73 ಸೆಂ.ಮೀ. ಇರಬೇಕು. ಊಟದ ಮೇಜಿನ ಮೇಲಿಟ್ಟರೆ ಮಗುವಿನ ಭುಜ ಕಿವಿಗೆ ಏರುತ್ತದೆ. ಕತ್ತರಿಯಂತೆ ಮಡಚುವ ಸ್ಟ್ಯಾಂಡ್ ಅಗ್ಗ, ಆದರೆ ಭಾರದ ಕೀ ನುಡಿಸುವಾಗ ಅಲುಗಾಡುತ್ತದೆ. ಊರಿನ ಬಡಗಿಗೆ ಹೇಳಿ 60 ಸೆಂ.ಮೀ. ಎತ್ತರದ, 135 ಸೆಂ.ಮೀ. ಉದ್ದದ ಗಟ್ಟಿ ಮೇಜು ಮಾಡಿಸಿದರೆ ಅದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ಇಲ್ಲ. ಮಗುವಿನ ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ.

ಮಳೆಗಾಲದಲ್ಲಿ ಹೊರಗೋಡೆಗೆ ತಾಗಿಸಿ ಇಡಬೇಡಿ, ಕಿಟಕಿ ಪಕ್ಕವೂ ಬೇಡ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಕೂತುಬಿಡುತ್ತದೆ, ಹಳೆಯ ಹತ್ತಿ ಸೀರೆ ಮೇಲು. ಅದರಡಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಇರುವೆ, ಇಲಿ ಬರದಂತೆ ವಾದ್ಯದ ಹತ್ತಿರ ತಿಂಡಿ ತಿನ್ನಲು ಬಿಡಬೇಡಿ, ಇರುವೆ ಪುಡಿಯನ್ನು ಕೀ ಮೇಲೆ ಉದುರಿಸಬೇಡಿ. ಎಲ್ಲಕ್ಕಿಂತ ಒಳ್ಳೆಯ ಆರೈಕೆ ದಿನಾ ನುಡಿಸುವುದು. ತಿಂಗಳುಗಟ್ಟಲೆ ಮುಚ್ಚಿಟ್ಟ ವಾದ್ಯಕ್ಕೇ ತೇವ ಜಾಸ್ತಿ ಕಾಡುತ್ತದೆ.

ಇನ್ವರ್ಟರ್ ಮೇಲೆ ಧಾರಾಳ ನಡೆಯುತ್ತದೆ, ಎಳೆಯುವ ಕರೆಂಟು ತೀರ ಕಡಿಮೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ‘ಗುಂಯ್’ ಅಂತ ಕೇಳಬಹುದು. ಹಾಗಾದರೆ ಆ ಹೊತ್ತಿಗೆ, ಸೆಲ್ ಹಾಕುವ ವಾದ್ಯವಾದರೆ ಸೆಲ್ ಹಾಕಿ, ಇಲ್ಲವೇ ಕರೆಂಟು ಬರುವವರೆಗೆ ಸ್ವಿಚ್ ಆರಿಸಿ ಬೆರಳಿನ ಪಾಠ ಮಾಡಿ. ಅಡಾಪ್ಟರ್ ಸುಟ್ಟುಹೋದರೆ ಕಂಪನಿ ಹೇಳಿದ ಅದೇ ನಂಬರಿನದ್ದನ್ನೇ ತರಿಸಿ. ಪಿನ್ ಕೂತಿತು ಅಂತ ಪೇಟೆಯಲ್ಲಿ ಸಿಕ್ಕಿದ್ದನ್ನು ಚುಚ್ಚಬೇಡಿ. ಮೇ ತಿಂಗಳ ಸಂಜೆ, ಅಕ್ಟೋಬರದ ಸಂಜೆ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ವಾರಂಟಿ ಮುಗಿಯುವವರೆಗೆ ಡಬ್ಬವನ್ನೂ ಥರ್ಮಕೋಲನ್ನೂ ಅಟ್ಟದ ಮೇಲೆ ಜೋಪಾನ ಮಾಡಿ. ಸರ್ವೀಸಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸಿನಲ್ಲಿ ಕಳಿಸಬೇಕಾಗಿ ಬಂದರೆ ಅದಿಲ್ಲದೆ ಕೀಗಳು ಉಳಿಯುವುದಿಲ್ಲ.